ಹರಾಜಿನಲ್ಲಿ ಗೆದ್ದ ಗಡಿಯಾರ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ ಬಾಯಿ ತೆರೆಯಲಾಗುತ್ತಿರಲಿಲ್ಲ; ಕಿವಿಗೇನೂ ತೊಂದರೆಯಿರಲಿಲ್ಲ. ಪಕ್ಕದಲ್ಲಿ ಅಕ್ಕತಂಗಿಯರು ಮಾತಿಗಿಳಿದಿದ್ದರು.

“ಹಳೇ ಟಾಕೀಸನ್ನ ಸಮುದಾಯ ಭವನ ಮಾಡೋಕೆ ದುಡ್ಡೆತ್ತೋ ಹರಾಜಿತ್ತಲ್ಲ, ಹೋಗಿದ್ಯಾ ಅಕ್ಕ?”

“ಹೋಗ್ದೆ ಇರ್ತೀನಾ? ನಮ್ಮತ್ತೆ ಗೋಡೆ ಗಡಿಯಾರಾನ ನನ್ನ ವಾರಗಿತ್ತಿಗೆ ಕೊಟ್ಟಿದ್ರಲ್ಲ, ಹಿರಿಸೊಸೆ ನಾನು ಕಣ್ಣಿಗೇ ಕಾಣ್ಲಿಲ್ಲ. ಆ ಮಹಾತಾಯಿ ಅದನ್ನ ಹರಾಜಿಗೆ ದಾನ ಮಾಡಿದ್ಲು.”

“ಒಳ್ಳೇ ಕೆಲ್ಸಾನೇ ಅಲ್ವಾ?”

“ಹೊಗಳಿಸ್ಕೊಳ್ಳೋಕೆ ಕಣೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನನ್ನ ಹೊಟ್ಟೇಲಿ ಕೆಂಡ ಇಟ್ಟ ಹಾಗಾಯ್ತು. ನಾನೇ ತಗೋತೀನಿ ಅಂತ ಕೂಗಿದೆ.”

“ಸಿಕ್ತಾ?”

“ಹಿಂದಿನ ಸಾಲಲ್ಲಿ ಯಾರೋ ನನಗಿಂತ ಹೆಚ್ಚಿಗೆ ಕೂಗ್ತಾನೇ ಇದ್ರು. ನಾನೂ ಪಟ್ಟು ಬಿಡ್ಲಿಲ್ಲ. ಆಮೇಲೆ ದುಡ್ಡು ಕಟ್ಟೋಕೆ ಬಳೆ ಅಡ ಇಡ್ಬೇಕಾಯ್ತು ಅನ್ನು. ಗೆದ್ದು ತಿರುಗಿ ನೋಡಿದ್ರೆ, ನಮ್ಮತ್ತೆ.”

“ಅವರಿಗ್ಯಾಕೆ ಬೇಕಿತ್ತು?”

“ಬಿಡಿಸ್ಕೊಂಡು ಮತ್ತೆ ಅವಳಿಗೇ ಕೊಡೋಕೆ.”

ಒಳಗಿನಿಂದ ಕರೆ ಬಂತು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

“ಗಡಿಯಾರ ಈಗೆಲ್ಲಿದೆ?” ಎಂದಳು ತಂಗಿ, ಹಿಂದೆಯೇ ಹೊರಡುತ್ತ.

“ನಮ್ಮ ನಡುಮನೇಲಿ. ಅದು ಹೊಡೆದಾಗೆಲ್ಲ ಹೊಟ್ಟೆ ಉರಿಯುತ್ತೆ. ಒಂದು ಗಂಟೆಗೆ ಹೇಗೋ ತಡ್ಕೋತೀನಿ, ಹನ್ನೆರಡಕ್ಕೆ ಆಗಲ್ಲ.”