ಮನೆಯ ಕುಂಕುಮ

ಮಹಾಯುದ್ಧದ ಮೂರನೆಯ ವರ್ಷ. ಜೇವರ್ಗಿಯ ದವಾಖಾನೆಯ ಕಟ್ಟೆಯ ಮೇಲೆ ಶಿವಕಾಂತಾ ಸರದಿಗಾಗಿ ಕಾಯುತ್ತಿದ್ದಳು. ಒಳಗಿನಿಂದ ಬಂದ ಅತ್ತೆ ಸೊಸೆ ಅವಳ ಪಕ್ಕದಲ್ಲೇ ನಿಂತರು. ಸೊಸೆಯ ಹಣೆಯ ನಡುವೆ ಹುಣ್ಣಾಗಿತ್ತು. ಬಾವು ಹುಬ್ಬು ದಾಟಿ ರೆಪ್ಪೆಗೆ ಇಳಿದಿತ್ತು. ಅತ್ತೆಯ ಹಣೆಯಲ್ಲಿ ಬರೀ ವಿಭೂತಿ.

“ಡಾಕ್ಟರ್ ಹೇಳಿದ್ದು ಕೇಳಿದ್ರಿಲ್ಲ, ಅತ್ತಿ? ಆ ಕುಂಕುಮದಾಗ ಪಾದರಸ ಅದಂತ. ಇನ್ನ ಹಚ್ಚಿದ್ರ ಕಣ್ಣ ಹೋಗ್ತದಂತ.”

“ಹಂಗಂತ ಬೋಳು ಹಣಿ ಇಟ್ಕೊಂಡು ಊರಾಗ ಕಾಲಿಡ್ತೀ? ನನ್ನ ಮಗ ಸೊಲ್ಲಾಪುರದ ಮಿಲ್ಲಿನ್ಯಾಗ ಗಟ್ಟಿಮುಟ್ಟ ಅದಾನ.”

“ಕಣ್ಣ ಹೋದ್ರ ಅವರ ಮಾರಿ ನಾ ಹ್ಯಾಂಗ ನೋಡ್ಲಿ?”

“ಬಾಯಿ ಭಾಳ ಆತು ನಿಂದು. ಆ ಪುಡಿ ಸಂತ್ಯಾಗ ತಂದಾಕಿ ಯಾರು?”

ಶಿವಕಾಂತಾ ಸಂತೆಯ ಕುಂಕುಮವಿದ್ದ ತನ್ನ ಹಣೆಯನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿಕೊಂಡಳು.

“ನಾನೇ. ಮಾವ ಹೋದಾಗಿಂದ ನೀವು ಮನ್ಯಾಗ ಕುಂಕುಮ ಮಾಡೋದು ಬಿಟ್ರಿ. ಮತ್ತೇನ್ ಮಾಡ್ಲಿ?”

“ಗಂಡ ಸತ್ತಾಕಿ ಕೈಲಿ ಕುಂಕುಮ ಮಾಡ್ತಾರೇನ ಬೇ?”

ಸೊಸೆ ಕಣ್ಣೀರು ಒರೆಸಲು ಹೋಗಿ ನೋವಿಗೆ ಹಲ್ಲು ಕಚ್ಚಿದಳು. ಅತ್ತೆ ಅವಳ ಕೈ ಹಿಡಿದು ಕೆಳಗಿಳಿಸಿದಳು.

“ಮುಟ್ಟಬ್ಯಾಡ. ಗಾಯ ಮಾಯೂತನ ಗಲ್ಲಕ್ಕಷ್ಟೇ ಅರಿಶಿಣ ಹಚ್ಕೋ. ಯಾರರ ಕೇಳಿದ್ರ ನಾ ಹೇಳ್ತೇನಿ.”

“ಆಮ್ಯಾಲ?”

“ಕುಂಕುಮಕ್ಕ ನೀನೇ ಅರಿಶಿಣ ಕುಟ್ಟಿ ಸುಣ್ಣ ಕಲಸು. ನಾ ದೂರ ಕುಂತು ಹದ ಹೇಳ್ತೇನಿ.”

“ದೂರ ಕುಂತ್ರ ಹದ ಹ್ಯಾಂಗ ಕಾಣ್ತದ್ರಿ? ನಿಮ್ಮ ಕೈನೇ ಬೇಕು.”

ಅತ್ತೆ ಸೊಸೆಯ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಎಳೆದು, ಅವಳನ್ನು ಕರೆದುಕೊಂಡು ಅರಿಶಿಣ ಮಾರುವ ಅಂಗಡಿಯ ಕಡೆಗೆ ನಡೆದಳು.