ಕೆಂಪು ಪಟ್ಟಿಯ ಸವಾರ

ಬೆಳಿಗ್ಗೆ ಸೇತುವೆಯ ಬಳಿ ರಾಜನ ಸವಾರರಿಗೂ ಪಾರ್ಲಿಮೆಂಟಿನ ಸವಾರರಿಗೂ ಸಣ್ಣ ಬಡಿದಾಟವಾಗಿತ್ತು. ದೊಡ್ಡ ಕಾಳಗ ನಾಳೆ ಎನ್ನುತ್ತಿದ್ದರು. ನೇಗಿಲ ಗುಳ ಹಿಡಿದು ಆಂಬ್ರೋಸನ ಕುಲುಮೆಯಲ್ಲಿ ಕಾಯುತ್ತಿದ್ದೆ. ರಾಜನ ಕಡೆಯ ಕೆಂಪು ಪಟ್ಟಿ ಕಟ್ಟಿದ್ದ ಸವಾರನೊಬ್ಬ, ಹಿಂಗಾಲಿನ ಲಾಳ ಕಳಚಿದ್ದ ಕುದುರೆಯನ್ನು ತಂದ.

“ಯಾರದಪ್ಪಾ ಕುದುರೆ?” ಎಂದ ಆಂಬ್ರೋಸ್.

“ಈಗ ನಂದೇ. ಬೆಳಿಗ್ಗೆ ವೈರೀನ ಕೆಡವಿ ಕಿತ್ಕೊಂಡೆ.”

“ಹೊಸಬರು ಹತ್ರ ಬಂದ್ರೆ ಒದೀತದೆ ಇದು. ನಿನ್ನ ಪಕ್ಕ ಕುರಿ ಹಂಗೆ ನಿಂತದಲ್ಲ!”

“ನಿಂಗೆ ಹೆಂಗೆ ಗೊತ್ತು?”

“ಮಿಕ್ಕ ಮೂರು ಲಾಳ ನಿನ್ನೆ ಹೊಡೆದೋನು ನಾನೇ. ತಂದಿದ್ದೋನು ಪಾರ್ಲಿಮೆಂಟಿನ ಕಿತ್ತಳೆ ಪಟ್ಟಿ ಕಟ್ಟಿದ್ದ.”

“ಓಹೋ, ರಾಜದ್ರೋಹಿಗಳ ಕುದುರೇಗೂ ಲಾಳ ಹೊಡೀತೀಯಾ? ನಮ್ಮ ದಂಡಿಗೆ ಹೇಳ್ಲಾ?”

ಆಂಬ್ರೋಸ್ ಕೊನೆಯ ಮೊಳೆ ಬಡಿದು ಕಾಲು ಕೆಳಗಿಟ್ಟ.

“ಧಾರಾಳವಾಗಿ ಹೇಳು. ರಾಜನ ಪಾಳೆಯ ಬಲಕ್ಕದೆ, ಪಾರ್ಲಿಮೆಂಟಿಂದು ಎಡಕ್ಕೆ.”

ಸವಾರ ಕುದುರೆ ಹತ್ತಿದ. ದಾರಿ ಒಡೆಯುವಲ್ಲಿ ಕೆಂಪು ಪಟ್ಟಿ ಬಿಚ್ಚಿ ಅಂಗಿಯೊಳಗೆ ತುರುಕಿ, ಎಡಕ್ಕೆ ತಿರುಗಿದ.