ಕಿವಿಯಲ್ಲಿ ಹಾಡುವವನು

ಗಂಟಲು ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಒಳಗೆ ಆಪರೇಷನ್ನಿಗೆ ಮಲಗಿದ್ದ ಹಾಡುಗಾರನ ಹೆಂಡತಿ ಒಬ್ಬಳು, ತಂಗಿ ಇನ್ನೊಬ್ಬಳು.

“ಅಣ್ಣ ಮೈಕಿಗೆ ತುಟಿ ತಾಗಿಸಿ ಮೆಲ್ಲಗೆ ಹಾಡಿದ್ರೆ, ಪ್ರತಿ ಹೆಂಗಸಿಗೂ ನನ್ನ ಕಿವೀಲೇ ಹಾಡ್ತಿದಾನೆ ಅನ್ಸೋದು, ಅತ್ತಿಗೆ.”

“ನಂಗೂ ಅನ್ಸಿತ್ತು. ಅದಕ್ಕೇ ಕಟ್ಕೊಂಡೆ.”

“ಮನೇಲೂ ಹಾಡ್ತಿದ್ನಾ?”

“ಹಾಡೋದಿರ್ಲಿ, ಮಾತೇ ಇರ್ಲಿಲ್ಲ ಕಣೆ. ದನಿ ಉಳಿಸ್ಬೇಕಂತ ನೀರಿಗೂ ಕೈಸನ್ನೆ. ಮಗು ಹೋದ ದಿನ ನಾನು ಅಳ್ತಿದ್ರೆ, ಸುಮ್ನಿರು ಅಂತ ತುಟಿ ಮೇಲೆ ಬೆರಳಿಟ್ರು.”

ನರ್ಸ್ ಬಾಗಿಲಿಗೆ ಬಂದಳು. “ಆಪರೇಷನ್ ಆದ್ಮೇಲೆ ಅವರಿಗೆ ದನಿ ಇರಲ್ಲಮ್ಮ. ಈಗ್ಲೇ ಹೆಂಡ್ತಿ ಹತ್ರ ಮಾತಾಡ್ಬೇಕಂತೆ.”

“ಹೋಗಿ ಅತ್ತಿಗೆ.”

“ನೀನೇ ಹೋಗು. ಕೇಳೋ ಆಸೆ ನಿಂಗಿನ್ನೂ ಇದೆ.”

ಹೆಂಡತಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ತಂಗಿ ಕಣ್ಣೊರೆಸಿಕೊಂಡು ಒಳಗೆ ಹೋದಳು.